ಕಾನಡಿ ಎಂಬ ಅಡ್ಡಹೆಸರು

ಕಾನಡಿ ಅಂತ ಅಡ್ಡಹೆಸರು ಎಲ್ಲಾದರೂ ಇದ್ದೀತೇನ್ರಿ? ಮರಾಠಿಯವರು ನಮ್ಮ ಭಾಷೆಗೆ ಕಾನಡಿ ಅನ್ನುತ್ತಾರೆ, ಆ ಭಾಷೆ ಆಡುವವರಿಗೂ ಅದನ್ನೇ ಅನ್ನುತ್ತಾರೆ. ಅನ್ನಲಿ ಬಿಡ್ರಿ, ಪುಣೆಯಲ್ಲಿ ಇದ್ದಮೇಲೆ ಅದಕ್ಕೆಲ್ಲ ಸಿಟ್ಟು ಮಾಡಿಕೊಂಡರೆ ದಿನಾ ಜಗಳವೇ ಆದೀತು. ಆದರೆ ಅದೇ ಶಬ್ದ ಸಾಲುಸಾಲಾಗಿ ಮನುಷ್ಯರ ಹೆಸರಿನ ಕೊನೆಗೆ ಬಂದು ಕೂತದ್ದನ್ನು ನೋಡಿದ ದಿನ ನನ್ನ ಮೈ ಉರಿದುಹೋಯಿತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಭೋಸರಿ ಕಡೆಯ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದೆ. ನಮ್ಮ ವಿಭಾಗದಲ್ಲಿ ಹೆಂಗಸು ನಾನೊಬ್ಬಳೇ, ಕನ್ನಡದಾಕಿಯೂ ನಾನೊಬ್ಬಳೇ.

ಕಾರ್ಖಾನೆಗೆ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದರಲ್ಲಿದ್ದ ಕೆಲಸಗಾರರ ಮಾಹಿತಿಯನ್ನೆಲ್ಲ ಹೊಸದಕ್ಕೆ ಒಗ್ಗುವ ಹಾಗೆ ಬದಲಿಸಬೇಕಿತ್ತು. ಕೇಳಲಿಕ್ಕೆ ಸಸಾರ, ಮಾಡಲಿಕ್ಕೆ ಕೂತರೆ ಒಂದೊಂದು ಕಾಲಮ್ಮಿಗೂ ಒಂದೊಂದು ತಕರಾರು. ಹಳೆಯದರಲ್ಲಿ ಹೆಸರು ಅಂದರೆ ಒಂದೇ ಉದ್ದ ಪಟ್ಟಿ. ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಎಲ್ಲ ಒಂದರ ಹಿಂದೊಂದು. ಹೊಸದರಲ್ಲಿ ಮೂರಕ್ಕೂ ಬೇರೆ ಬೇರೆ ಖಾನೆ. ನಾನು ಬರೆದ ಕೋಬಾಲ್ ಪ್ರೋಗ್ರಾಮು ಖಾಲಿ ಜಾಗ ಕಂಡಲ್ಲೆಲ್ಲ ಹೆಸರನ್ನು ಕತ್ತರಿಸಿ, ತುಂಡುಗಳನ್ನು ಮೂರು ಖಾನೆಗಳಿಗೆ ಹಂಚುತ್ತಿತ್ತು.

ಮರಾಠಿ ಮಂದಿಯ ಹೆಸರುಗಳು ಚಂದಾಗಿ ಕತ್ತರಿಸಿಕೊಂಡವು. ತೊಡಕು ಬಂದದ್ದು ಸುರಪುರ, ಶಹಾಪುರ, ಸಿಂದಗಿ ಕಡೆಯಿಂದ ಗುತ್ತಿಗೆ ಕೆಲಸಕ್ಕೆ ಬಂದವರದ್ದು. ಅವರ ಹೆಸರು ಎರಡೇ ಶಬ್ದ. ಯಲ್ಲಪ್ಪ ಹನಮಪ್ಪ. ಮುಗೀತು, ಮುಂದೆ ಏನಿಲ್ಲ. ಅಡ್ಡಹೆಸರಿನ ಖಾನೆ ಖಾಲಿ ಉಳಿಯಿತು, ಖಾಲಿ ಇದ್ದದ್ದನ್ನು ಹೊಸ ಕಂಪ್ಯೂಟರ್ ಒಲ್ಲೆ ಅಂದಿತು. ಮೊದಲ ಸಲ ಓಡಿಸಿದಾಗ ಗುತ್ತಿಗೆಯವರೆಲ್ಲ ಅನಾಮತ್ತು ಹೊರಗೆ ಬಿದ್ದರು.

ಹೊರಗೆ ಬಿದ್ದವರನ್ನು ತಿದ್ದಿ ಕಳಿಸುವುದು ಟೈಮ್ ಆಫೀಸಿನ ಹೆಡ್ ಕ್ಲಾರ್ಕನ ಕೆಲಸ. ಹಾಜರಿ ಇಡುವ ಆ ಆಫೀಸಿನಲ್ಲೇ ತಲೆ ನರೆಸಿಕೊಂಡ ಪುಣೆಯ ಮನುಷ್ಯ. ಅವನು ಒಂದೇ ದಿನದಲ್ಲಿ ಎಲ್ಲ ತಿದ್ದಿ ಕಳಿಸಿದ. ಬಿಚ್ಚಿ ನೋಡಿದರೆ ಅಡ್ಡಹೆಸರಿನ ಖಾನೆಯಲ್ಲಿ ಎಲ್ಲರಿಗೂ ಕಾನಡಿ.

ಕಾಗದ ಹಿಡಿದುಕೊಂಡೇ ಹೋಗಿ ಜಾಡಿಸಿದೆ. "ಏನಿದು? ಇದು ಭಾಷೆಯ ಹೆಸರು, ಮನೆತನದ್ದಲ್ಲ!"

"ತುಮಚೇಚ ಲೋಕ ನಾ, ಬಾಯಿ?" ಅಂದ ನಗುತ್ತ. ನಿಮ್ಮ ಮಂದಿಯೇ ಅಲ್ಲವೇನಮ್ಮಾ ಅಂತ. "ಹಾಜರಿ ಕೂಗುವಾಗ ನಾವು ಹಾಗೇ ಕರೆಯೋದು. ಅವರೂ ಓ ಅಂತಾರೆ. ನಿಮ್ಮ ಯಂತ್ರಕ್ಕೆ ಏನು ತ್ರಾಸು?"

ಯಂತ್ರಕ್ಕೆ ಏನೂ ತ್ರಾಸಾಗಲಿಲ್ಲ. ಎಲ್ಲರನ್ನೂ ಗಪ್ಪನೆ ನುಂಗಿತು.

ಆಮೇಲೆ ಬಂತು ಹುಟ್ಟಿದ ತಾರೀಖಿನ ಪಾಳಿ. ಹಳೆಯದರಲ್ಲಿ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಹೊಸದರಲ್ಲಿ ತಿರುಗಾಮುರುಗಾ, ವರ್ಷ ಮೊದಲು. ಅದು ದೊಡ್ಡ ಮಾತಲ್ಲ. ಆದರೆ ಗುತ್ತಿಗೆಯವರಿಗೆ ತಾರೀಖೇ ಇರಲಿಲ್ಲ, ಬರೀ ವಯಸ್ಸು ಇತ್ತು. ಅದೂ ಅವರು ಬಾಯಲ್ಲಿ ಹೇಳಿದ್ದು. ಮೂವತ್ತು, ಮೂವತ್ತೈದು, ನಲವತ್ತು. ಮೂವತ್ತಮೂರು ಅಂದವನನ್ನು ನಾನು ಕಾಣಲಿಲ್ಲ.

ಈ ಬದಲಾವಣೆಗೆಂದೇ ಮುಂಬಯಿಯಿಂದ ಟೈ ಕಟ್ಟಿಕೊಂಡು ಒಬ್ಬ ಸಲಹೆಗಾರ ಬಂದಿದ್ದ. "ವರ್ಷ ಲೆಕ್ಕ ಹಾಕಬಹುದು. ದಿನ, ತಿಂಗಳು ಏನು ಹಾಕೋಣ?" ಅಂತ ಕೇಳಿದ. ಹೆಡ್ ಕ್ಲಾರ್ಕ ಥಟ್ಟನೆ, "ಜೂನ್ ಒಂದು ಹಾಕಿ" ಅಂದ. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕೆವು. ಸಲಹೆಗಾರನಿಗೆ ಏನೂ ತಿಳಿಯಲಿಲ್ಲ. ನಮ್ಮ ಕಡೆಯೂ ಇವರ ಕಡೆಯೂ ಸಾಲಿಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಗೊತ್ತಿರದ ಹುಡುಗರಿಗೆ ಮಾಸ್ತರರು ಕೊಡುವ ತಾರೀಖು ಅದು. ಆ ಕೋಣೆಯಲ್ಲಿದ್ದ ಅರ್ಧ ಮಂದಿ ಕಾಗದದ ಮೇಲೆ ಜೂನ್ ಒಂದಕ್ಕೇ ಹುಟ್ಟಿದವರು. ನಾನೂ ಹಾಗೇ.

ನಗು ಅಲ್ಲಿಗೇ ಮುಗಿಯಿತು. ಗುತ್ತಿಗೆ ಹೊಸದಾದಾಗಲೆಲ್ಲ ಆ ಮಂದಿಗೆ ಟಿಕೆಟ್ ನಂಬರು, ಅಂದರೆ ಹಾಜರಿಯ ನಂಬರು, ಬದಲಾಗುತ್ತಿತ್ತು. ಹೀಗಾಗಿ ಒಬ್ಬನೇ ಮನುಷ್ಯ ಎರಡು ಮೂರು ನಂಬರಿನಲ್ಲಿ ಕೂತಿರುತ್ತಿದ್ದ. ಅವನ್ನು ಒಂದು ಮಾಡಬೇಕಿತ್ತು. ಸಲಹೆಗಾರ ನಿಯಮ ಹಾಕಿದ: ಅಡ್ಡಹೆಸರು ಒಂದೇ ಇದ್ದು, ಸ್ವಂತ ಹೆಸರಿನ ಮತ್ತು ಅಪ್ಪನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಒಂದೇ ಇದ್ದು, ಹುಟ್ಟಿದ ತಾರೀಖು ಕೂಡಿದರೆ ಅವರಿಬ್ಬರೂ ಒಬ್ಬನೇ. ಕಡೆಯದನ್ನು ಇಟ್ಟುಕೊಳ್ಳುವುದು, ಹಿಂದಿನದನ್ನು ಅಳಿಸುವುದು.

ಬಾಯಿ ಮುಚ್ಚಿಕೊಂಡು ಕೂಡುವ ಸ್ವಭಾವ ನನ್ನದಲ್ಲ. ಅಲ್ಲೇ ಅಂದೆ, "ಕಾನಡಿ ಅಂತ ಬರೆದವರಿಗೆ ಇದು ನಡೆಯೋದಿಲ್ಲ. ಅವರಿಗೆಲ್ಲ ಅಡ್ಡಹೆಸರೂ ಒಂದೇ, ತಾರೀಖೂ ಒಂದೇ. ಉಳಿದದ್ದು ಎರಡು ಅಕ್ಷರ."

"ಅವರು ಎಷ್ಟು ಜನ ಇದ್ದಾರು? ಅಪವಾದಕ್ಕೆ ಬೇರೆ ಪ್ರೋಗ್ರಾಮ್ ಬರೆಯೋಕೆ ವೇಳೆ ಇಲ್ಲ" ಅಂದ. ನಮ್ಮ ಮ್ಯಾನೇಜರು ತಲೆ ಆಡಿಸಿದರು. ಆ ಭಾಗದ ಪ್ರೋಗ್ರಾಮನ್ನು ಸಲಹೆಗಾರನೇ ಬರೆದ, ಓಡಿಸಿದ, ಕೈ ತೊಳೆದುಕೊಂಡು ಮುಂಬಯಿಗೆ ಹೋದ.

ಈಗ ಎಕ್ಸ್‌ರೇ ಖಾನೆಯ ಮಾತು ಹೇಳಬೇಕು. ಎರಕ ಹೊಯ್ಯುವುದು ಮರಳಿನ ಅಚ್ಚಿನಲ್ಲಿ. ಕಬ್ಬಿಣ ಗಟ್ಟಿಯಾದಮೇಲೆ ಆ ಅಚ್ಚನ್ನು ಕುಲುಕುವ ಜಾಳಿಗೆಯ ಮೇಲಿಟ್ಟು ಒದರಿ ಒಡೆಯುತ್ತಾರೆ. ಆ ಜಾಗಕ್ಕೆ ಷೇಕ್‌ಔಟ್ ಅಂತ ಹೆಸರು. ಅಲ್ಲಿ ಏಳುವ ಸುಟ್ಟ ಮರಳಿನ ಧೂಳು ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಕಾಣುವುದಿಲ್ಲ, ಎದೆಯೊಳಗೆ ಹೋಗಿ ಕೂಡುತ್ತದೆ, ಹೊರಗೆ ಬರುವುದಿಲ್ಲ. ಅದಕ್ಕೇ ಎಲ್ಲರಿಗೂ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ. ಫಲಿತಾಂಶಕ್ಕೆ ಒಂದೇ ಅಂಕಿಯ ಖಾನೆ. ಒಂದು ಅಂದರೆ ಸ್ವಚ್ಛ. ಎರಡು ಅಂದರೆ ಮತ್ತೆ ನೋಡಬೇಕು. ಮೂರು ಅಂದರೆ ನೆರಳು ಬಿದ್ದಿದೆ, ಧೂಳಿನಿಂದ ತೆಗೆಯಬೇಕು.

ನಮ್ಮ ಕಂಪ್ಯೂಟರ್ ಕೋಣೆಗೆ ಒಂದರ ಹಿಂದೆ ಒಂದು ಎರಡು ಬಾಗಿಲು ಇದ್ದವು. ಚಪ್ಪಲಿ ಹೊರಗೆ ಬಿಟ್ಟು, ಒಳಗಿನ ಬಿಳಿ ಸ್ಲಿಪ್ಪರು ಹಾಕಿಕೊಂಡೇ ಹೋಗಬೇಕು. ಯಾಕಂದರೆ ಯಂತ್ರಕ್ಕೆ ಧೂಳು ಆಗಿಬರುವುದಿಲ್ಲ. ನಾಚಿಕೆಗೇಡು ಅನ್ನಿಸುತ್ತಿತ್ತು ನನಗೆ, ಆದರೂ ದಿನಾ ಸ್ಲಿಪ್ಪರು ಹಾಕಿಕೊಂಡೇ ಹೋಗುತ್ತಿದ್ದೆ.

ಹೊಸ ಕಂಪ್ಯೂಟರಿನಿಂದ ಮೊದಲ ಆರೋಗ್ಯ ವರದಿ ಬಂದ ದಿನ ಮ್ಯಾನೇಜರು ಪೇಢೆ ಹಂಚಿದರು. ಹಿಂದಿನ ವರದಿಗಿಂತ ನೆರಳಿನವರ ಸಂಖ್ಯೆ ಅರ್ಧಕ್ಕೂ ಕೆಳಗೆ ಬಂದಿತ್ತು. ಸೇಫ್ಟಿ ಆಫೀಸರನ ಬೆನ್ನು ತಟ್ಟಿದರು. ವರದಿ ಸರಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರರ ಕಚೇರಿಗೂ ಹೋಯಿತು.

ಸಂಜೆಗೆ ಕಾರ್ಖಾನೆಯ ಡಾಕ್ಟರು ನಮ್ಮ ವಿಭಾಗದ ಹೊರ ಬಾಗಿಲಿಗೆ ಬಂದು ನಿಂತರು. ನಿವೃತ್ತಿಗೆ ಹತ್ತಿರದ ಮನುಷ್ಯ, ಮಾತು ಕಡಿಮೆ. ಕೈಯಲ್ಲಿ ಪೇಢೆ ಹಾಗೇ ಇತ್ತು.

"ಬಾಯಿ, ಒಂದು ಕೇಳ್ತೀನಿ" ಅಂದರು ಮರಾಠಿಯಲ್ಲಿ. "ಧೂಳು ಇದ್ದಷ್ಟೇ ಇದೆ. ಬಿದ್ದ ನೆರಳು ಹೋಗೋ ರೋಗ ಇದಲ್ಲ. ಹಾಗಾದರೆ ಆ ಮನುಷ್ಯರು ಎಲ್ಲಿ ಹೋದರು?"

ಅವರು ಕೇಳುವ ಮೊದಲೇ ಉತ್ತರ ನನಗೆ ಗೊತ್ತಿತ್ತು.

ಹಳೆಯ ಕಂಪ್ಯೂಟರಿನ ಮಾಹಿತಿ ತುಂಬಿದ ಟೇಪು ಇನ್ನೂ ಅಲಮಾರಿಯಲ್ಲಿತ್ತು. ಮರುದಿನ ಒಂದು ಸಣ್ಣ ಪ್ರೋಗ್ರಾಮು ಬರೆದೆ. ಹಳೆಯದರಲ್ಲಿ ಮೂರು ಇದ್ದವರನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡು ಹೊಸದರಲ್ಲಿ ಹುಡುಕುವುದು. ಅಲ್ಲಿ ಮೂರು ಇಲ್ಲದಿದ್ದರೆ ಎರಡೂ ಕಡೆಯ ಹೆಸರು ಅಚ್ಚು ಮಾಡುವುದು. ಪ್ರಿಂಟರು ಕಟಕಟ ಅನ್ನತೊಡಗಿತು. ಕಾನಡಿ. ಕಾನಡಿ. ಕಾನಡಿ. ನಿಂತೀತು ಅಂತ ನೋಡಿದೆ, ಪುಟ ತುಂಬಿ ಮುಂದಿನ ಪುಟಕ್ಕೆ ಹೋಯಿತು. ಬೇರೆ ಅಡ್ಡಹೆಸರು ಒಂದೂ ಬರಲಿಲ್ಲ.

ಅದರಲ್ಲಿ ಒಂದು ಜೋಡಿ ಹೀಗಿತ್ತು. ಯಲ್ಲಪ್ಪ ಹನಮಪ್ಪ, ಯಲ್ಲಪ್ಪ ಹುಲಗಪ್ಪ. ಇಬ್ಬರೂ ಮೂವತ್ತೈದು ಅಂದಿದ್ದರು, ಇಬ್ಬರೂ ಜೂನ್ ಒಂದಕ್ಕೆ ಹುಟ್ಟಿದರು. ಮೊದಲನೆಯವನದು ಮೂರು, ಎರಡನೆಯವನದು ಒಂದು. ಕಂಪ್ಯೂಟರ್ ಇಬ್ಬರನ್ನೂ ಒಬ್ಬ ಮಾಡಿ, ಕಡೆಯದನ್ನು ಇಟ್ಟುಕೊಂಡಿತ್ತು. ಮೂರು ಹೋಗಿ ಒಂದು ಉಳಿದಿತ್ತು. ಗುತ್ತಿಗೆಯವರಿಗೆ ಪಗಾರ ಗುತ್ತಿಗೆದಾರನೇ ಕೊಡುತ್ತಿದ್ದ, ಹೀಗಾಗಿ ಒಬ್ಬ ಅಳಿಸಿಹೋದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಅಂದರೆ ಎದೆಯಲ್ಲಿ ನೆರಳು ಇದ್ದವನು ಇನ್ನೂ ಧೂಳಿನಲ್ಲೇ ನಿಂತು ಕೆಲಸ ಮಾಡುತ್ತಿದ್ದ, ಕಾಗದದ ಮೇಲೆ ಸ್ವಚ್ಛ ಇದ್ದ. ಅಂಥವರು ಎರಡು ಪುಟ.

ಮ್ಯಾನೇಜರಿಗೆ ತೋರಿಸಿದೆ. ಓದಿದರು. ಕನ್ನಡಕ ತೆಗೆದು ಒರೆಸಿದರು. "ವರದಿ ಇನ್‌ಸ್ಪೆಕ್ಟರ್ ಕಚೇರಿಗೆ ಹೋಗಿ ಆಗಿದೆ. ಈಗ ಸಂಖ್ಯೆ ಬದಲಾದರೆ ಉತ್ತರ ಕೊಡುವವರು ಯಾರು? ಮುಂದಿನ ವರ್ಷದ ಎಕ್ಸ್‌ರೇಯಲ್ಲಿ ತಾನೇ ಸರಿ ಆಗ್ತದೆ."

"ಅಷ್ಟರಲ್ಲಿ ಯಾರಾದರೂ ಸತ್ತರೆ?"

"ಅಷ್ಟು ಬೇಗ ಸಾಯೋ ರೋಗ ಅಲ್ಲ ಅದು" ಅಂದರು. ಥೂ! ಹಾಗಂತ ಮನುಷ್ಯ ಕೆಟ್ಟವರಲ್ಲ, ಮನೆಯಲ್ಲಿ ಗಣಪತಿ ಕೂರಿಸಿದಾಗ ನಮ್ಮನ್ನೆಲ್ಲ ಕರೆದು ಉಣ್ಣಿಸುತ್ತಿದ್ದರು.

ಡಾಕ್ಟರು ದಾರಿ ತೋರಿಸಿದರು. ಯಾರನ್ನು ಬೇಕಾದರೂ ಮತ್ತೆ ಕರೆದು ಎಕ್ಸ್‌ರೇ ತೆಗೆಯುವ ಅಧಿಕಾರ ಅವರಿಗಿತ್ತು. ಕಾನಡಿ ಅಂತ ಇದ್ದವರನ್ನೆಲ್ಲ ಕರೆಸಿದರು. ಹಳೆಯ ಟಿಕೆಟ್ ನಂಬರುಗಳು ಬೇರೆಯವರ ಪಾಲಾಗಿದ್ದರಿಂದ ಹಳೆಯ ಫಿಲ್ಮು ಯಾವುದು ಯಾರದು ಅಂತ ಹೇಳುವ ಹಾಗಿರಲಿಲ್ಲ. ಹೊಸದಾಗಿ ತೆಗೆಯುವುದೇ ಸರಿ ಅನ್ನಿಸಿತು.

ಡಾಕ್ಟರಿಗೆ ಕನ್ನಡ ಬಾರದು, ಹೀಗಾಗಿ ಊಟದ ಹೊತ್ತಿನಲ್ಲಿ ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತು ಹೆಸರು ಕೇಳಿ ಬರೆದೆ. ಪೂರ್ತಿ ಹೆಸರು, ಅಪ್ಪನ ಪೂರ್ತಿ ಹೆಸರು, ಊರು. ಕಾನಡಿ ಹೊಡೆದುಹಾಕಿ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿದೆ. ನಮ್ಮಲ್ಲಿ ಹಾಗೆ ಇರುವವರು ಎಷ್ಟು ಮಂದಿ ಇಲ್ಲ! ಒಬ್ಬ ಮುದುಕ, "ನಮ್ಮೂರ ಹೆಸರು ಮಿಷೀನಿನ್ಯಾಗ ಹೋಗ್ತದೇನ್ರಿ ಅಕ್ಕಾರ?" ಅಂತ ಎರಡು ಸಲ ಕೇಳಿದ. ನನಗೂ ಭಾಳ ದಿನದ ಮೇಲೆ ಬಾಯಿತುಂಬ ಕನ್ನಡ ಆಡಲಿಕ್ಕೆ ಸಿಕ್ಕಿತ್ತು. ಆ ಎರಡು ಮೂರು ದಿನ ಎಲ್ಲ ಸರಿ ಹೋದೀತು ಅಂತ ನಂಬಿದ್ದೆ.

ಫಿಲ್ಮುಗಳು ಬಂದವು. ಡಾಕ್ಟರು ಕರೆಸಿದರು. ದೀಪದ ಪೆಟ್ಟಿಗೆಯ ಮೇಲೆ ಒಂದೊಂದೇ ಇಟ್ಟು ನೋಡುತ್ತಿದ್ದರು. ನೆರಳಿನ ಎದೆಗಳು ಸಿಕ್ಕಿದ್ದವು, ಹೊಸ ಹೆಸರಿನ ಎದುರಿಗೆ ಮೂರು ಬರೆದಾಗಿತ್ತು. ಕೊನೆಗೆ ಎರಡು ಫಿಲ್ಮು ಜೋಡಿಸಿ ಇಟ್ಟರು. ಒಂದು ಹನಮಪ್ಪನ ಮಗ ಯಲ್ಲಪ್ಪನದು, ಇನ್ನೊಂದು ಹುಲಗಪ್ಪನ ಮಗ ಯಲ್ಲಪ್ಪನದು. ಎರಡೂ ಸ್ವಚ್ಛ.

"ಇಲ್ಲಿ ನೋಡು" ಅಂದರು. ಎಡಗಡೆ ಒಂದು ಪಕ್ಕೆಲುಬು ಯಾವಾಗಲೋ ಮುರಿದು ಕೂಡಿಕೊಂಡಿತ್ತು, ಕೂಡಿದಲ್ಲಿ ಗಂಟು. ಪಕ್ಕದ ಫಿಲ್ಮಿನಲ್ಲೂ ಅದೇ ಎಲುಬು, ಅದೇ ಗಂಟು.

"ಇವು ಎರಡು ಮನುಷ್ಯರಲ್ಲ ಬಾಯಿ. ಒಂದೇ ಎದೆ."

ಇಬ್ಬರು ಇದ್ದಾರೆ ಅಂತ ನಾನು ಎಲ್ಲರ ಕೂಡ ಗುದ್ದಾಡಿದ್ದೆ, ಇಲ್ಲಿ ನೋಡಿದರೆ ಫಿಲ್ಮು ಕಂಪ್ಯೂಟರಿನ ಮಾತನ್ನೇ ಹೇಳುತ್ತಿತ್ತು. ಕಟ್ಟೆಯ ಮೇಲೆ ಹೆಸರು ಬರೆಸಿದವರು ಇಬ್ಬರು, ಎಕ್ಸ್‌ರೇ ಯಂತ್ರದ ಮುಂದೆ ಹೆಸರು ಕೂಗಿದಾಗ ಮಾತ್ರ ಒಬ್ಬನೇ ಎರಡು ಸಲ ಎದೆ ಒಡ್ಡಿ ನಿಂತಿದ್ದ. ಹೆಸರು ಒಂದೇ ಇರುವಾಗ ಯಾರಿಗೆ ತಿಳಿಯಬೇಕು?

ಗುತ್ತಿಗೆಯವರನ್ನು ತಂದು ಕೆಲಸಕ್ಕೆ ಹಚ್ಚುವ ಮುಕಾದಮ ಅವರ ಕಡೆಯವನೇ. ಅವನನ್ನು ಕರೆದುಕೊಂಡು ಷೇಕ್‌ಔಟಿಗೆ ಹೋದೆ. ಹಾಡಹಗಲು, ಒಳಗೆ ಮಾತ್ರ ಮಬ್ಬು. ಜಾಳಿಗೆ ಗಡಗಡ ನಡುಗುತ್ತಿತ್ತು, ಕಾಲಿನ ಕೆಳಗಿನ ನೆಲವೂ ನಡುಗುತ್ತಿತ್ತು. ಮೂಗಿಗೆ ಟಾವೆಲ್ ಕಟ್ಟಿದ ಮಂದಿ ಕೊಕ್ಕೆ ಹಿಡಿದು ಅಚ್ಚು ಎಳೆಯುತ್ತಿದ್ದರು. ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಮುಕಾದಮ ಕೂಗಿದಾಗ ಹನಮಪ್ಪನ ಮಗ ಯಲ್ಲಪ್ಪ ಹೊರಗೆ ಬಂದ. ಟಾವೆಲ್ ಬಿಚ್ಚಿದ, ಎರಡು ಮಾತು ಆಡುವಷ್ಟರಲ್ಲಿ ಗೋಡೆಗೆ ಕೈ ಕೊಟ್ಟು ನಿಂತ.

"ನೀ ಎಕ್ಸ್‌ರೇಕ್ಕ ಹೋಗಲಿಲ್ಲಲ್ಲೋ ಯಲ್ಲಪ್ಪ?" ಅಂದೆ.

ಸುಳ್ಳು ಹೇಳಲಿಲ್ಲ. "ಇಲ್ರಿ. ಹುಲಗಪ್ಪನ ಮಗ ಹೋಗಿದ್ದ. ಹೊರಗ ಬಯಲ ಯಾರ್ಡಿನ್ಯಾಗ ಕಬ್ಬಿಣ ಹೊರ್ತಾನ್ರಿ, ಅವನ ಎದಿ ಗಟ್ಟಿ ಅದ."

"ಯಾಕ ಹಂಗ ಮಾಡಿದಿ? ನಿನ್ನ ಎದ್ಯಾಗ ನೆರಳದ ಅಂತ ಹಿಂದಿನ ಸಲಾನೇ ಬಂದಿತ್ತು."

"ಗೊತ್ತದ್ರಿ. ದವಾಖಾನ್ಯಾಗಿನ ಕಂಪೌಂಡರ ಅವತ್ತೇ ಹೇಳಿದ್ದ, ಚೀಟಿ ಬರ್ತದ, ತಯಾರಾಗಿರು ಅಂತ. ದಿನಾ ಗೇಟಿನ್ಯಾಗ ಅಂಜಕೋತ ಬರ್ತಿದ್ದೆ. ಚೀಟಿ ಬರಲೇ ಇಲ್ಲ. ಯಲ್ಲವ್ವ ಕಾಯ್ದಳು ಅಂದ್ಕೊಂಡೆ." ಸ್ವಲ್ಪ ಉಸಿರು ತಗೊಂಡ. "ಮಿಷೀನಿನ್ಯಾಗ ನಾವಿಬ್ಬರೂ ಒಬ್ಬನೇ ಆಗೀವಿ ಅಂತಲ್ರಿ? ಹಂಗೇ ಇರಲಿ ಬಿಡ್ರಿ ಅಕ್ಕಾರ. ನಿಮ್ಮ ಕಾಲು ಬೀಳ್ತೀನಿ."

ಯಾವ ಚೀಟಿ, ಯಾಕೆ ಅಂಜಿಕೆ ಅಂತ ಮುಕಾದಮನನ್ನು ಕೇಳಿದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಪರ್ಮನಂಟ್ ಮಂದಿಗೆ ನೆರಳು ಬಂದ್ರ ಹಗೂರ ಕೆಲಸ ಕೊಡ್ತಾರ್ರಿ. ನಮ್ಮವರಿಗೆ ಬಂದ್ರ ಗೇಟಿನ ಹೊರಗ. ಚೀಟಿ ನಿಮ್ಮ ಕಂಪ್ಯೂಟರೇ ಬರೀತದ, ನಿಮಗ ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿರಲಿಲ್ಲ. ಆ ಚೀಟಿಯ ಪ್ರೋಗ್ರಾಮು ಹಳೆಯ ಯಂತ್ರದ್ದು, ನನಗಿಂತ ಮುಂಚೆ ಯಾರೋ ಬರೆದದ್ದು. ಹೊಸದಕ್ಕೆ ಅದನ್ನು ಬದಲಿಸುವ ಪಾಳಿ ಇನ್ನೂ ಬಂದಿರಲಿಲ್ಲ, ಅದಕ್ಕೇ ಅಷ್ಟು ತಿಂಗಳು ಯಾರಿಗೂ ಚೀಟಿ ಹೋಗಿರಲಿಲ್ಲ. ವಾಪಸು ಬಂದು ತೆರೆದು ನೋಡಿದೆ. ಕೆಲಸಗಾರನ ಬಗೆ ತಿಳಿಸುವ ಒಂದಕ್ಷರದ ಖಾನೆ ಇತ್ತು, ಪಿ ಅಂದರೆ ಕಾಯಂ, ಸಿ ಅಂದರೆ ಗುತ್ತಿಗೆ. ಫಲಿತಾಂಶ ಮೂರು ಇದ್ದು ಬಗೆ ಪಿ ಇದ್ದರೆ ಒಂದು ಚೀಟಿ: ಧೂಳಿಲ್ಲದ ವಿಭಾಗಕ್ಕೆ ವರ್ಗ. ಬಗೆ ಸಿ ಇದ್ದರೆ ಇನ್ನೊಂದು: ಈ ಮನುಷ್ಯನನ್ನು ಇನ್ನು ಕಳಿಸಬೇಡಿರಿ ಅಂತ ಗುತ್ತಿಗೆದಾರನಿಗೆ. ಮಧ್ಯೆ ಒಂದೇ ಒಂದು ಇಫ್, ಹೀಗಿದ್ದರೆ ಹಾಗೆ ಅನ್ನುವ ಶರತ್ತು. ಅಷ್ಟೂ ಮಂದಿಯ ಅನ್ನ ಆ ಒಂದು ಸಾಲಿನ ಮೇಲೆ ನಿಂತಿತ್ತು.

ನನ್ನ ಸ್ಥಿತಿ ನೋಡ್ರಿ. ಯಲ್ಲಪ್ಪನ ಹೆಸರಿನ ಎದುರು ಮೂರು ಬರೆದರೆ ಅವನ ಕೆಲಸ ಹೋಗುತ್ತದೆ. ಒಂದು ಬಿಟ್ಟರೆ ಅವನು ಆ ಧೂಳಿನಲ್ಲೇ ನಿಂತು ಸಾಯುತ್ತಾನೆ. ನಾನು ಕಟ್ಟೆಯ ಮೇಲೆ ಕೂತು ಉಮೇದಿನಿಂದ ಊರಿನ ಹೆಸರು ಬರೆದುಕೊಂಡ ಉಳಿದವರ ಎದುರಿಗಂತೂ ಮೂರು ಆಗಲೇ ಬಿದ್ದಿತ್ತು. ಅವರ ಚೀಟಿ ಅಚ್ಚಾಗುವುದಷ್ಟೇ ಬಾಕಿ.

ಮ್ಯಾನೇಜರ ಹತ್ತಿರ ಹೋದೆ. ಚೀಟಿ ಎಲ್ಲರಿಗೂ ಒಂದೇ ಮಾಡೋಣ ಅಂದೆ. "ಅದು ಕಂಪನಿಯ ನಿಯಮ. ಇದ್ದ ಹಾಗೇ ಹೊಸದಕ್ಕೆ ತಗೊಂಡು ಬಾ" ಅಂದರು. ಯೂನಿಯನ್ನಿನವರನ್ನು ಕೇಳಿದರೆ ಗುತ್ತಿಗೆಯವರು ನಮ್ಮ ಸದಸ್ಯರಲ್ಲ ಅಂದರು. ಡಾಕ್ಟರು, "ನಾನು ಅಂಕಿ ಬರೀತೀನಿ ಅಷ್ಟೇ, ಚೀಟಿ ನನ್ನ ಕೈಯಲ್ಲಿಲ್ಲ" ಅಂದರು.

ಚೀಟಿ ನನ್ನ ಕೈಯಲ್ಲಿತ್ತು. ಮ್ಯಾನೇಜರು ಹೇಳಿದ ಹಾಗೆ ಪ್ರೋಗ್ರಾಮನ್ನು ಹೊಸದಕ್ಕೆ ತಂದೆ. ಖಾನೆಗಳ ಅಳತೆ ಬದಲಿಸಿದೆ, ತಾರೀಖು ತಿರುಗಿಸಿದೆ, ಹೆಸರಿನ ಮೂರು ತುಂಡು ಕೂಡಿಸಿದೆ. ಆ ಇಫ್ ಮಾತ್ರ ತರಲಿಲ್ಲ, ಮೂರು ಬಂದವರಿಗೆಲ್ಲ ವರ್ಗದ ಚೀಟಿಯೇ. ಕದ್ದು ಮುಚ್ಚಿ ಮಾಡಲಿಲ್ಲ, ಬಗೆಯ ಖಾನೆಯನ್ನು ನೋಡುವ ಸಾಲು ತೆಗೆದಿದ್ದೇನೆ ಅಂತ ಪ್ರೋಗ್ರಾಮಿನ ತಲೆಯ ಮೇಲೆಯೇ ಟಿಪ್ಪಣಿ ಬರೆದು ನನ್ನ ಹೆಸರು ಹಾಕಿದೆ. ಓದುವವರು ಯಾರು? ಆಮೇಲೆ ದವಾಖಾನೆಗೆ ಹೋಗಿ, ನಾನೇ ಎದುರಿಗೆ ನಿಂತು ಹನಮಪ್ಪನ ಯಲ್ಲಪ್ಪನ ಎದೆಯ ಫಿಲ್ಮು ತೆಗೆಸಿದೆ. ಚೀಟಿ ಬರ್ತದ, ಆದರ ಗೇಟಿನ ಹೊರಗಿನದಲ್ಲ ಅಂತ ಆಣೆ ಮಾಡಿ ಹೇಳಿದ ಮೇಲೆಯೇ ಬಂದ. ಡಾಕ್ಟರು ಆ ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲೆ ಇಟ್ಟು ನೋಡಿ ಮೂರು ಬರೆದರು. ಫಿಲ್ಮಿನಲ್ಲಿ ನೆರಳು ಕಾಣುವುದು ಬೆಳ್ಳಗೆ, ಇಲ್ಲಿ ಎರಡೂ ಕಡೆ ಮೇಲಿನಿಂದ ಕೆಳಗಿನತನಕ ಬೆಳ್ಳಗಿತ್ತು.

ಚೀಟಿಗಳು ಅಚ್ಚಾದವು. ಮ್ಯಾನೇಜರ ಸಹಿಯ ಠಸ್ಸೆ ಬಿತ್ತು. ಆ ಕಾಲದಲ್ಲಿ ಕಂಪ್ಯೂಟರಿನ ಕಾಗದ ಅಂದರೆ ದೇವರ ಮಾತು, ಎದುರು ಆಡುವವರಿಲ್ಲ. ಷೇಕ್‌ಔಟಿನ ಫೋರ್‌ಮನ್ ಒಮ್ಮೆ ಗೊಣಗಿದನಂತೆ, ಆಮೇಲೆ ಕಂಪ್ಯೂಟರೇ ಹೇಳಿದಮೇಲೆ ಮುಗೀತು ಅಂತ ಬಿಟ್ಟುಕೊಟ್ಟನಂತೆ. ಒಬ್ಬೊಬ್ಬರು ಕ್ಯಾಂಟೀನಿಗೆ, ಸ್ಟೋರಿಗೆ ಹೋದರು. ಹನಮಪ್ಪನ ಯಲ್ಲಪ್ಪನಿಗೆ ಗೇಟಿನ ಹತ್ತಿರದ ಹೂದೋಟ ಸಿಕ್ಕಿತು.

ಕಂಪನಿ ಬಸ್ಸು ಇಳಿದು ಒಳಗೆ ಹೋಗುವಾಗ ದಿನಾ ಅವನನ್ನು ನೋಡುತ್ತಿದ್ದೆ. ಗುಲಾಬಿ ಗಿಡಕ್ಕೆ ಒಂದು ಕೊಡ ನೀರು ಹಾಕಿದರೆ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದ, ಬಾಯಿ ತೆರೆದು, ಮೊಣಕಾಲಿನ ಮೇಲೆ ಕೈ ಊರಿ. ಮತ್ತೆ ಏಳಲಿಕ್ಕೆ ಭಾಳ ಹೊತ್ತು ಬೇಕಾಗುತ್ತಿತ್ತು. ನನ್ನನ್ನು ಕಂಡರೆ ಕೈ ಮುಗಿಯುತ್ತಿದ್ದ. ನಾನು ಒಳ್ಳೇದು ಮಾಡಿದೆ ಅಂದುಕೊಂಡೇ ಎರಡು ಬಾಗಿಲು ದಾಟಿ ಒಳಗೆ ಹೋಗುತ್ತಿದ್ದೆ.

ಷೇಕ್‌ಔಟಿನಲ್ಲಿ ಜಾಗ ಖಾಲಿ ಬಿದ್ದರೆ ತುಂಬಬೇಕಲ್ಲ. ಆ ಜಾಗಕ್ಕೆ ಹಾಕುವವನ ಎಕ್ಸ್‌ರೇ ಖಾನೆಯಲ್ಲಿ ಒಂದೇ ಇರಬೇಕು ಅಂತ ಹೊಸ ಕಂಪ್ಯೂಟರ್ ಪರೀಕ್ಷಿಸುತ್ತಿತ್ತು. ಕೆಲವು ವಾರದ ಮೇಲೆ ಹೊಸ ನೇಮಕದ ಕಾಗದ ನನ್ನ ಮೇಜಿಗೆ ಬಂತು. ಯಲ್ಲಪ್ಪ ಹುಲಗಪ್ಪ. ಯಾರ್ಡಿನಿಂದ ಷೇಕ್‌ಔಟಿಗೆ. ಎಕ್ಸ್‌ರೇ ಒಂದು.

ಕಾಗದ ಅಲ್ಲೇ ಬಿಟ್ಟು, ಒಳಗಿನ ಸ್ಲಿಪ್ಪರಿನಲ್ಲೇ ಹೊರಗೆ ಬಂದೆ. ಊಟದ ಹೊತ್ತು. ನೀರಿನ ಟಾಕಿಯ ಹತ್ತಿರ ಅವನು ರೊಟ್ಟಿ ಗಂಟು ಬಿಚ್ಚಿಕೊಂಡು ಕೂತಿದ್ದ. ಇಪ್ಪತ್ತೈದು ಇಪ್ಪತ್ತಾರರ ಗಟ್ಟಿ ಆಳು, ಅವನು ಮೂವತ್ತೈದು ಅಂತ ಯಾಕೆ ಹೇಳಿದ್ದನೋ ದೇವರೇ ಬಲ್ಲ.

"ಯಾರು ಹಾಕಿದ್ರು ನಿನ್ನ ಷೇಕ್‌ಔಟಿಗೆ? ಮುಕಾದಮನೇನು? ಹೇಳು, ನಾ ನೋಡ್ಕೋತೀನಿ."

"ಯಾರೂ ಹಾಕಿಲ್ರಿ ಅಕ್ಕಾರ. ನಾನೇ ಕೇಳ್ಕೊಂಡು ಹೋಗೀನಿ. ಭಾಳ ಮಂದಿ ಕೇಳಿದ್ರು, ನನ್ನ ಎದಿ ಸ್ವಚ್ಛ ಅದ ಅಂತ ನನಗ ಸಿಕ್ತು."

"ಹುಚ್ಚ ಅದೀಯೇನೋ! ಅಲ್ಲೇನಾಗ್ತದ ಅಂತ ಗೊತ್ತಿಲ್ಲೇನು ನಿನಗ? ನಿನ್ನ ಗೆಣೆಯನ್ನ ಕಣ್ಣಾರೆ ನೋಡ್ತಿಲ್ಲೇನು?"

"ನೋಡಾಕತ್ತೀನಲ್ರಿ" ಅಂದ. "ನೆರಳಿನ್ಯಾಗ ಕುಂತಿರ್ತಾನ, ಮನಸಿಗೆ ಬಂದಾಗ ಒಂದು ಕೊಡ ನೀರು ಹಾಕ್ತಾನ. ಪಗಾರ ಅಷ್ಟೇ ಅದ. ಯಾರ್ಡಿನ್ಯಾಗ ಕಬ್ಬಿಣ ಹೊತ್ತು ಸತ್ರೂ ಅಂಥ ಚೀಟಿ ಬರಂಗಿಲ್ರಿ. ಷೇಕ್‌ಔಟಿನವರಿಗೇ ಬರ್ತದಂತ, ಮಂದಿ ಎಲ್ಲಾ ಮಾತಾಡ್ತಾರ."

ನಾನು ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಹನಮಪ್ಪನ ಮಗ ನೆರಳಿನಲ್ಲಿ ಕೂಡುವುದು ಸುಖಕ್ಕಲ್ಲ, ಉಸಿರು ಸಾಲದೆ ಅಂದೆ, ಆ ಎದೆಯ ಫಿಲ್ಮು ನೋಡಿದ್ದೇನೆ ಅಂದೆ, ಅಳುವೇ ಬಂತು ನನಗೆ. ಅವನು ತಲೆ ತಗ್ಗಿಸಿ ದೊಡ್ಡವರ ಮಾತು ಕೇಳುವ ಹಾಗೆ ಪೂರ್ತಿ ಕೇಳಿದ. ಆಮೇಲೆ ಒಂದು ರೊಟ್ಟಿ ಎತ್ತಿ, ತಿನ್ನುತ್ತೀರೇನು ಅಂತ ನನ್ನ ಕಡೆ ಹಿಡಿದ. ನಾನು ಬೇಡ ಅಂದೆ.

"ಎದ್ಯಾಗ ನೆರಳು ಬರಾಕ ಅವನಿಗೆ ಏಳು ವರ್ಷ ಹಿಡೀತ್ರಿ" ಅಂದ. "ನನ್ನ ಮೈ ಅವನಕಿಂತ ಗಟ್ಟಿ ಅದ. ನನಗ ಎಷ್ಟು ಹಿಡೀಬಹುದು, ಹತ್ತು?"

ನಾನು ಕಾಲಲ್ಲಿದ್ದ ಬಿಳಿ ಸ್ಲಿಪ್ಪರಿಗೆ ಹತ್ತಿದ ಧೂಳು ನೋಡಿದೆ.

"ಅವಸರ ಏನಿಲ್ರಿ ಅಕ್ಕಾರ" ಅಂದ ಅವನು, ನನಗೇ ಸಮಾಧಾನ ಹೇಳುವವನ ಹಾಗೆ. "ಬರೂತನಕ ಕಾಯ್ತೀನಿ."